ಕೊಟ್ರೇಶನ ಶೇಂಗಾ ಸಾರು

ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟ ಬೆಳಗಿನ ಬಸ್ಸು ಹರ್ತಿಯ ಹತ್ತಿರ ಹಂಪ್ ಮೇಲೆ ಹಾರಿತು. ಬಸ್ಸು ಹಾರಿದ್ದಕ್ಕೆ ಸೀಟಿನ ಕೆಳಗಿದ್ದ ಹಾಲಿನ ಕ್ಯಾನು ಹಾರಿತು, ಕ್ಯಾನು ಹಾರಿದ್ದಕ್ಕೆ ಅದರ ಮುಚ್ಚಳ ಹಾರಿತು. ಕ್ಯಾನಿನಲ್ಲಿ ಹಾಲು ಇರಲಿಲ್ಲ.

ಮೊದಲು ಗೊತ್ತಾದದ್ದು ಮುಂದಿನ ಸೀಟಿನ ಮುದುಕನಿಗೆ. ಧೋತರದ ಅಂಚು ಕೆಂಪಾದದ್ದು ಕಂಡು ಆತ ತನ್ನ ಎರಡೂ ಕಾಲು ತಡವಿ ನೋಡಿಕೊಂಡ. ಗಾಯ ತನ್ನದಲ್ಲ ಎಂದು ಖಾತ್ರಿಯಾದ ಮೇಲೆ ಪಕ್ಕದವನ ಕಾಲು ತಡವಿದ. ಪಕ್ಕದವನು ಚೀರಿದ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿ, ನೆಲದ ಮೇಲೆ ನಿಧಾನವಾಗಿ ಮುಂದೆ ಹರಿಯುತ್ತಿದ್ದ ರಕ್ತದ ಜಾಡು ಹಿಡಿದು ಹಿಂದಕ್ಕೆ ನಡೆದು ಬಂದ.

"ಯಾರದರಿ ಇದು?"

ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ, ಇಸ್ತ್ರಿ ಅಂಗಿಯ ತರುಣನೊಬ್ಬ ಎದ್ದು ನಿಂತ. "ನಂದರಿ."

"ನಿಂದಽ? ಎಲ್ಲಿ ಹತ್ತೈತಿ ಪೆಟ್ಟು?"

"ನಂದಂದ್ರ ನಂದಲ್ರಿ. ಕುರೀದು."

"ಕುರಿ ಎಲ್ಲೈತಿ?"

"ಕುರಿ ಇಲ್ರಿ. ರಕ್ತ ಅಷ್ಟ."

ಕಂಡಕ್ಟರ್ ಬಹಳ ಹೊತ್ತು ವಿಚಾರ ಮಾಡಿದ. "ಕುರಿ ಇದ್ರ ಲಗೇಜ್ ಟಿಕೀಟ ಹರೀತಿದ್ದೆ. ಬರೇ ರಕ್ತಕ್ಕ ಏನ್ ಹರೀಲೋ ಮಾರಾಯಾ?"

ತರುಣ ತನ್ನ ಟವೆಲ್ಲಿನಿಂದ ನೆಲ ಒರೆಸುತ್ತಾ, ಇದು ಕುರಿ ಸಿಡುಬಿನ ಔಷಧಕ್ಕೆಂದು, ಕುರಿಗಳ ಒಳ್ಳೆಯದಕ್ಕೆಂದು ವಿವರಿಸಿದ. ಧೋತರ ಎತ್ತಿಕೊಂಡು ಸೀಟಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ ಮುದುಕ ಕೇಳಿದ: "ಅಂದ್ರ ಕುರಿ ಕೊಯ್ದು ಕುರಿಗೆ ಔಷಧ ಮಾಡ್ತೀರಿ?" ತರುಣ ಒರೆಸುವುದನ್ನು ಮುಂದುವರಿಸಿದ.

ಆ ಬಸ್ಸಿನಲ್ಲಿ ನಾನಿರಲಿಲ್ಲ. ಆದರೆ ಕಣ್ಣಾರೆ ಕಂಡೆ ಎಂದು ಈ ಕಥೆಯನ್ನು ನನಗೆ ಹೇಳಿದವರ ಸಂಖ್ಯೆ ನೋಡಿದರೆ, ನನ್ನೊಬ್ಬನನ್ನು ಬಿಟ್ಟು ಉಳಿದ ಗದಗ ಜಿಲ್ಲೆಯೆಲ್ಲ ಅದರಲ್ಲಿತ್ತು. ಖಂಡಿತವಾಗಿ ಇದ್ದವಳೆಂದರೆ ಶಿಗ್ಲಿಯ ಒಬ್ಬ ಹೆಣ್ಣುಮಗಳು. ಹಿಂದಿನ ಸೀಟಿನಲ್ಲಿದ್ದ ಅವಳು ತರುಣನ ಗುರುತು ಹಿಡಿದಳು. ಅವನು ಸಂಜೆ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ದಾರಿಯಲ್ಲಿ ಒಂದು ಕ್ಯಾನು ಎರಡಾಗಿತ್ತು.

ತರುಣನ ಹೆಸರು ಕೊಟ್ರೇಶ. ಎಂ.ಎಸ್ಸಿ. ಮಾಡಿ, ಬೆಟಗೇರಿಯ ಆಚೆ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಡಾಕ್ಟರ್ ಉಳವಪ್ಪನವರು ನಡೆಸುತ್ತಿದ್ದ ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ. ಉಳವಪ್ಪನವರು ನಿವೃತ್ತ ದನದ ಡಾಕ್ಟರು. ಸುತ್ತಲಿನ ಕುರಿಗಾರರಿಗೆ ಇಲ್ಲೇ, ಅಗ್ಗದಲ್ಲಿ, ಸಿಡುಬಿನ ಲಸಿಕೆ ತಯಾರಾಗಬೇಕು ಎಂಬುದು ಅವರ ಹಟ. ಒಂದು ಕಡೆ ಹಪ್ಪಳದ ಶೆಡ್ಡು, ಇನ್ನೊಂದು ಕಡೆ ಬೋರ್‌ವೆಲ್ ಪೈಪಿನ ಶೆಡ್ಡು, ನಡುವೆ ಇವರದು. ನಾನು ಅಲ್ಲಿಗೆ ಹೋಗಿ ಬರುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತ ತಪ್ಪಿಗೆ ಊರವರ ಇಂಗ್ಲಿಷ್ ಅರ್ಜಿ, ವರದಿಗಳೆಲ್ಲ ನನ್ನ ಕೊರಳಿಗೆ ಬೀಳುತ್ತವೆ. ಹಪ್ಪಳದವರದೂ ನಾನೇ ಬರೆಯುತ್ತೇನೆ.

ರಕ್ತದ ಅಗತ್ಯ ಏನೆಂದು ಕೊಟ್ರೇಶ ನನಗೆ ತಿಳಿಸಿ ಹೇಳಿದ್ದು ಹೀಗೆ. ಸಿಡುಬಿನ ವೈರಸ್ಸು ಜೀವ ಇರುವ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಆದ್ದರಿಂದ ಲಸಿಕೆ ಮಾಡುವವರು ಮೊದಲು ಕೋಶಗಳನ್ನು ಬಾಟಲಿಗಳಲ್ಲಿ ಸಾಕಬೇಕು. ಸಾಕಿದ ಮೇಲೆ ಉಣ್ಣಿಸಬೇಕು. ಊಟವೆಂದರೆ ಉಪ್ಪು, ಸಕ್ಕರೆ, ಜೀವಸತ್ವಗಳು ಕರಗಿದ ಗುಲಾಬಿ ಬಣ್ಣದ ನೀರು, ಅದರ ಮೇಲೆ ತುಸು ಸೀರಂ. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುತ್ತದಲ್ಲ, ಹಳದಿ ತಿಳಿ, ಅದೇ ಸೀರಂ. ಒಳ್ಳೆಯದು ವಿದೇಶದಿಂದ ಬರುತ್ತದೆ, ಇನ್ನೂ ಹುಟ್ಟದ ಕರುವಿನದು. ಲಸಿಕೆಯ ಖರ್ಚಿನಲ್ಲಿ ಹೆಚ್ಚಿನ ಪಾಲನ್ನು ಅದೊಂದೇ ನುಂಗುತ್ತದೆ. ಅಷ್ಟು ತಾಕತ್ತಿಲ್ಲದ ಉಳವಪ್ಪನವರು ಲಕ್ಷ್ಮೇಶ್ವರದ ಕಸಾಯಿಖಾನೆಯಿಂದ ಕುರಿಯ ರಕ್ತ ತರಿಸಿ, ಸೀರಂ ತೆಗೆದು ಕೆಲಸ ಸಾಗಿಸಿದ್ದರು. ಶಿಗ್ಲಿಯಿಂದ ದಿನಾ ಓಡಾಡುವ ಕೊಟ್ರೇಶನಿಗೆ ಅದು ದಾರಿಯಲ್ಲೇ ಬೀಳುತ್ತಿತ್ತು.

ಅವನ ತಾಯಿ ಸಿದ್ದಲಿಂಗವ್ವನಿಗೆ ಗೊತ್ತಿದ್ದದ್ದು ಮಗ ಕುರಿಗಳ ಔಷಧದ ಕಂಪನಿಯಲ್ಲಿದ್ದಾನೆ ಎಂದಷ್ಟೇ. ಅವರ ಮನೆಯಲ್ಲಿ ತತ್ತಿಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಪದ್ಧತಿ. ಬಸ್ಸಿನ ಸುದ್ದಿ ಬಂದ ಸಂಜೆ ಅವಳು ಮಗನಿಗೆ ಹಿತ್ತಲಲ್ಲೇ ನೀರು ಹಾಕಿದಳು. ಆಮೇಲೆ ಕೇಳಿದಳು.

"ಯಾವಾಗಿಂದ ತರಾಕತ್ತೀಯೋ?"

"ಕೆಲಸಕ್ಕ ಸೇರಿದಾಗಿಂದ ಬೇ."

"ಕೈಲೆ ಮುಟ್ಟತಿ?"

"ಗ್ಲೌಸ್ ಹಾಕ್ಕೊಂಡಿರತೀವಿ."

"ಅದ ಕೈಲೆ ಬಂದು ಅಪ್ಪನ ಗಂಗಾಳದಾಗ ಉಂಡಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾಲ್ಕು ದಿನದಲ್ಲಿ ಮುಗಿಯುತ್ತಿತ್ತು. ಮರುದಿನ ಅವಳು ಗಂಡನ ಕಾಲದ ಕಂಚಿನ ಗಂಗಾಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಗೋಡೆಯ ಮೇಲಿನ ಎತ್ತರದ ಹಲಗೆಯ ಮೇಲೆ ಬೋರಲು ಹಾಕಿದಳು. ಪಡಸಾಲೆಯ ಕಟ್ಟೆಯ ಮೇಲೆ ಮಗನಿಗೆಂದು ಹೊಸ ಸ್ಟೀಲಿನ ತಾಟು ಬಂತು. ಬಿಸಿ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ, ಬೆಣ್ಣೆ ಕಡಿಮೆ ಮಾಡಲಿಲ್ಲ. ಆದರೆ ರೊಟ್ಟಿಯನ್ನು ತಾಟಿಗೆ ಕೈ ತಾಕದಂತೆ ಮೇಲಿನಿಂದ ಬಿಡುತ್ತಿದ್ದಳು.

"ಊಟ ಅದ ಊಟರಿ ಸರ," ಎಂದು ಕೊಟ್ರೇಶ ನನಗೆ ಹೇಳಿದ. "ಮ್ಯಾಲಿಂದ ಬೀಳತೈತಿ, ಅಷ್ಟ."

ಆ ತಿಂಗಳೇ ಅವನು ಉಳವಪ್ಪನವರ ಮುಂದೆ ನಿಂತು, ರಕ್ತವಿಲ್ಲದ ಊಟ ಮಾಡಿ ನೋಡೋಣ ಎಂದ. ಶೇಂಗಾ ಹಿಂಡಿ. ನಮ್ಮ ಕಡೆ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೆ ಬರವಿಲ್ಲ, ಅದರ ತುಂಬ ಸಸಾರಜನಕ. ಅದನ್ನು ಕೋಶಗಳಿಗೆ ಅರಗುವಷ್ಟು ಸಣ್ಣದಾಗಿ ಒಡೆದರೆ ಆಯಿತು. ಡಾಕ್ಟರರು ಖುಷಿಯಾಗಿ, ನನಗೆ ಹೇಳಿ ಒಂದು ದೊಡ್ಡ ಸಂಶೋಧನಾ ಸಂಸ್ಥೆಗೆ ಅನುದಾನದ ಅರ್ಜಿ ಬರೆಸಿದರು. ರೈತರ ಹಿತ, ಸ್ವಾವಲಂಬನೆ, ಸ್ಥಳೀಯ ಸಂಪನ್ಮೂಲ ಎಂದು ನಾನು ಪುಟ ತುಂಬಿಸಿದೆ. ಉದ್ದೇಶವನ್ನು ಇದ್ದದ್ದಿದ್ದಂತೆ ಬರೆದಿದ್ದರೆ ಒಂದೇ ಸಾಲು ಸಾಕಿತ್ತು: ಕೋಶಗಳು ರಕ್ತ ಬಿಡಬೇಕು, ಗಂಗಾಳ ಕೆಳಗಿಳಿಯಬೇಕು. ಕೋಶದ ಊಟಕ್ಕೆ ಪುಸ್ತಕದಲ್ಲಿ ಮಾಧ್ಯಮ ಎನ್ನುತ್ತಾರೆ. ಇಂಗ್ಲಿಷ್ ಮಾಧ್ಯಮದಲ್ಲಿ ಬೆಳೆದು ನಾನೇನಾದೆ ಎಂಬುದು ಗೊತ್ತಿದ್ದರಿಂದ, ಶೇಂಗಾ ಮಾಧ್ಯಮದ ಮೇಲೆ ನನಗೆ ಸಹಜವಾಗಿಯೇ ಭರವಸೆ ಹುಟ್ಟಿತು.

ಸಂಸ್ಥೆ ಒಪ್ಪಿತು. ಒಂದು ಷರತ್ತು: ಸೂತ್ರ ಸಿದ್ಧವಾದ ಮೇಲೆ ಅವರ ಪ್ರಯೋಗಾಲಯದಲ್ಲೂ ಅದೇ ಫಲ ಬರಬೇಕು. ಬಂದರೆ ಲಸಿಕೆಯ ಮುಂದಿನ ಹಂತ, ಇಲ್ಲದಿದ್ದರೆ ಇಲ್ಲ.

ಶೆಡ್ಡಿನ ಹಿಂದೆ ಒಲೆ ಬಂತು. ಲಕ್ಷ್ಮೇಶ್ವರದ ಎಣ್ಣೆ ಮಿಲ್ಲಿನಿಂದ ಹಿಂಡಿ, ಶಿರಹಟ್ಟಿಯ ಒಂದು ತೋಟದಿಂದ ಪಪ್ಪಾಯಿ. ಹಸಿ ಪಪ್ಪಾಯಿ ಕಾಯಿಗೆ ಗೀರು ಹಾಕಿದಾಗ ಸೋರುವ ಹಾಲು ಹಿಂಡಿಯನ್ನು ಒಡೆಯುತ್ತದೆ. ಕೊಟ್ರೇಶ ಹಿಂಡಿಯನ್ನು ಪುಡಿ ಮಾಡಿ, ಎಣ್ಣೆ ಕಳೆದು, ನೆನೆಸಿ, ಪಪ್ಪಾಯಿ ಹಾಲು ಹಾಕಿ, ಹದ ಬಿಸಿಯಲ್ಲಿಟ್ಟು, ಸೋಸಿ, ಮತ್ತೆ ಸೋಸಿ, ಕೊನೆಗೆ ಜೇನಿನ ಬಣ್ಣದ ಒಂದು ತಿಳಿ ತೆಗೆಯುತ್ತಿದ್ದ. ಮೊದಲ ಮಳೆಗಾಲದ ಹಿಂಡಿಗೆ ಕಣ್ಣಿಗೆ ಕಾಣದ ಬೂಷ್ಟು ಹಿಡಿದಿತ್ತು. ಅದರ ವಿಷಕ್ಕೆ ಬಾಟಲಿಯ ಕೋಶಗಳೆಲ್ಲ ಒಂದೇ ಸಲ ಸತ್ತವು. ಎರಡನೆಯ ಸಲ ಎಣ್ಣೆಯ ಜಿಡ್ಡು ಉಳಿದು ಸತ್ತವು. ಮೂರನೆಯ ಸಲ ಯಾಕೆ ಸತ್ತವು ಎಂದು ತಿಳಿಯಲೇ ಇಲ್ಲ. ಹಪ್ಪಳದ ಶೆಡ್ಡಿನವರು ಬೇಲಿಯ ಮೇಲಿಂದ ಬಗ್ಗಿ, "ಏನ್ ಸರ, ಇವತ್ತೇನ್ ಸಾರು?" ಎಂದು ಕೇಳುವುದು ರೂಢಿಯಾಯಿತು.

ಸಾರು ಎಂಬ ಹೆಸರಿಟ್ಟವಳು ಮೋತಿಬಿ. ಬೆಟಗೇರಿಯವಳು, ಐದು ಮಕ್ಕಳನ್ನು ಸಾಕಿದ ಹೆಣ್ಣುಮಗಳು. ಬಾಟಲಿ ತೊಳೆಯಲು ಬಂದವಳು ಕೈ ಸ್ವಚ್ಛ, ಕಣ್ಣು ಚುರುಕು ಎಂದು ಕೋಶಗಳ ಆರೈಕೆಗೆ ನಿಂತಳು. ಅವಳಿಗೆ ಇನ್ನೊಂದು ಅರ್ಹತೆ ಇತ್ತು. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಎಂಬ ಕಪಾಟು ಲಾರಿಯಿಂದ ಇಳಿಸುವಾಗಲೇ ಬಿದ್ದು, ಅದರ ಬಾಗಿಲು ಸೊಟ್ಟಗಾಗಿತ್ತು. ಹುಬ್ಬಳ್ಳಿಯಿಂದ ಬಂದ ಮೆಕ್ಯಾನಿಕ್ ಎರಡು ಸಲ ಸೋತು ಹೋಗಿದ್ದ. ಉಳವಪ್ಪನವರು ಹಾಕಿದರೆ ತೆರೆದುಕೊಳ್ಳುತ್ತಿತ್ತು, ಕೊಟ್ರೇಶ ಹಾಕಿದರೆ ಹಾಕಿದಂತೆ ಕಂಡು ತೆರೆದುಕೊಳ್ಳುತ್ತಿತ್ತು. ಮೋತಿಬಿ ಎಡ ಮೊಣಕಾಲಿನಿಂದ ಕೆಳಗೆ ಎತ್ತಿ, ಭುಜದಿಂದ ಒತ್ತಿ, ಬಾಯಲ್ಲಿ ಏನೋ ಬೈದರೆ ಅದು ಕೂತುಬಿಡುತ್ತಿತ್ತು.

ಹೀಗಾಗಿ ಅಡುಗೆ ಕೊಟ್ರೇಶನದು, ಬಡಿಸುವುದು ಮೋತಿಬಿಯದು ಎಂದಾಯಿತು.

ಸೀರಂ ಉಂಡು ಬೆಳೆದ ಕೋಶಗಳನ್ನು ಒಮ್ಮೆಲೇ ಶೇಂಗಾ ಸಾರಿಗೆ ಹಾಕಿದರೆ ತಾಳುವುದಿಲ್ಲ. ಪ್ರತಿ ತಲೆಮಾರಿಗೂ ಸೀರಂ ತುಸು ಕಡಿಮೆ ಮಾಡಿ, ಸಾರು ತುಸು ಹೆಚ್ಚು ಮಾಡಿ ರೂಢಿ ಮಾಡಿಸಬೇಕು. ಹೋಲಿಸಿ ನೋಡಲು ಇನ್ನೊಂದು ಸಾಲು ಬಾಟಲಿಗಳು ಹಳೆಯ ಸೀರಂ ಊಟದಲ್ಲೇ ಇರಬೇಕು. ಇದನ್ನೆಲ್ಲ ಮೋತಿಬಿಗೆ ಹೇಗೆ ಹೇಳುವುದೆಂದು ಕೊಟ್ರೇಶ ತಡವರಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಕೊನೆಗೆ ಅವನಿಗೆ ಒಂದು ಉಪಮೆ ಹೊಳೆಯಿತು.

"ಮೋತಿಬೀ ಅಕ್ಕಾರ, ಕೂಸಿಗೆ ಹಾಲು ಬಿಡಸ್ತಾರಲ್ರಿ, ಹಂಗ ಬಿಡಸ್ಬೇಕು ಇವಕ್ಕ."

ಮೋತಿಬಿಯ ಮುಖ ಅರಳಿತು. "ಮೊದಲ ಹಂಗ ಹೇಳೋದು ಬಿಟ್ಟು ಏನೇನರ ಅಂತೀರಿ. ಅದನ್ನ ನನಗ ಹೇಳಿಕೊಡ್ತೀರೇನು?"

ನಾನು ಕೂಡ ಅವನ ಬೆನ್ನು ತಟ್ಟಿದೆ. ಒಳ್ಳೆಯ ಉಪಮೆಗೆ ನಾನು ಬೇಗ ಸೋಲುತ್ತೇನೆ.

ಒಂದು ವರ್ಷ ದಾಟಿತು. ನಡುನಡುವೆ ಮುಂಡರಗಿ ಕಡೆಯ ಹೊನ್ನೇಶ ಎಂಬ ಕುರಿಗಾರ ಬಂದು ಶೆಡ್ಡಿನ ಮೆಟ್ಟಿಲ ಮೇಲೆ ಕೂಡುತ್ತಿದ್ದ. ಹಿಂದಿನ ವರ್ಷ ಸಿಡುಬಿಗೆ, ಅವನ ಮಾತಿನಲ್ಲಿ ಮೈಲಿ ಬ್ಯಾನಿಗೆ, ಅರ್ಧ ಹಿಂಡು ಹೋಗಿತ್ತು. ಲಸಿಕೆ ಬರುವುದು ತಡವಾಗಿ, ಬಂದಾಗ ಹಾಕಬೇಕಾದ ಕುರಿಗಳು ಸತ್ತಿದ್ದವು. "ನಿಮ್ಮದು ಯಾವಾಗ ಆಕ್ಕೈತ್ರಿ?" ಎಂದು ಕೇಳುತ್ತಿದ್ದ. ಕೊಟ್ರೇಶ ಪ್ರತಿ ಸಲ, "ಇವು ರಕ್ತ ಬಿಡ್ಲಿ, ಆಮ್ಯಾಲೆ ಲೈಸೆನ್ಸ್, ಆಮ್ಯಾಲೆ ನಿಮಗ," ಎನ್ನುತ್ತಿದ್ದ. ಹೊನ್ನೇಶ ಒಳಗೆ ಇಣುಕಿ, ಕುಡಿತ ಬಿಡಲಾರದ ಸಂಬಂಧಿಕರನ್ನು ನೋಡುವಂತೆ ಬಾಟಲಿಗಳನ್ನು ನೋಡಿ ಹೋಗುತ್ತಿದ್ದ.

ಕೊನೆಗೆ ಅವು ಬಿಟ್ಟವು. ಸೀರಂ ಸೊನ್ನೆ, ಪೂರ್ತಿ ಶೇಂಗಾ ಸಾರು, ಆದರೂ ಬಾಟಲಿಯ ತಳದಲ್ಲಿ ಕೋಶಗಳು ಅಂಗಳಕ್ಕೆ ಹಾಸಿದ ಕಲ್ಲಿನಂತೆ ಒಂದಕ್ಕೊಂದು ತಾಗಿಕೊಂಡು ಹರಡಿದವು. ಹೊಟ್ಟೆ ತುಂಬಿದ ಕೋಶಗಳು ಗುಲಾಬಿ ನೀರನ್ನು ಹಳದಿಗೆ ತಿರುಗಿಸುತ್ತವೆ. ಹಿಂಡಿಯ ಬಾಟಲಿಗಳೂ ಹಳದಿಗೆ ತಿರುಗುತ್ತಿದ್ದವು. ಸೀರಂ ಬಾಟಲಿಗಳಷ್ಟು ಜೋರಾಗಿ ಅಲ್ಲ, ಆದರೆ ತಿರುಗುತ್ತಿದ್ದವು. ಉಳವಪ್ಪನವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿ, ಮತ್ತೆ ಇಟ್ಟರು. ನಾನು ವರದಿಯಲ್ಲಿ ಯಶಸ್ಸು ಎಂಬ ಪದವನ್ನು ಮೊದಲ ಬಾರಿಗೆ ಬಳಸಿದೆ. ಹೋಲಿಕೆಯ ಸಾಲಿಗೆಂದು ತೆಗೆದಿಡುವ ಸೀರಂ ಲೆಕ್ಕಕ್ಕಿಂತ ತುಸು ಬೇಗ ತೀರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ರಕ್ತ ಬಿಟ್ಟವರ ಹಬ್ಬ ನಡೆದಿರುವಾಗ ಬಿಡದವರ ಹಸಿವನ್ನು ಯಾರು ಅಳೆಯುತ್ತಾರೆ?

ಶಿಗ್ಲಿಯಲ್ಲಿ ಕೊಟ್ರೇಶ ತಾಯಿಗೆ ಹೇಳಿದ.

"ಈಗ ಬರೇ ಶೇಂಗಾ ತಿಂತಾವ ಬೇ."

"ರಕ್ತ?"

"ಮುಟ್ಟಂಗಿಲ್ಲ."

"ಖರೆ?"

"ಖರೆ."

ಹೋಲಿಕೆಯ ಸಾಲಿನ ವಿಷಯ ಅವನು ಎತ್ತಲಿಲ್ಲ. ಅದರ ರಕ್ತ ತರಲು ಡಾಕ್ಟರರು ಈಗ ಬೇರೆಯವರನ್ನು ಗೊತ್ತು ಮಾಡಿದ್ದರು, ಅವನು ಮುಟ್ಟುತ್ತಿರಲಿಲ್ಲ. ಸಿದ್ದಲಿಂಗವ್ವ ಸ್ಟೂಲು ಹಾಕಿಕೊಂಡು ಗಂಗಾಳ ಇಳಿಸಿದಳು. ಮರುದಿನ ಶೆಡ್ಡಿಗೆ ಡಬ್ಬಿ ತುಂಬ ಶೇಂಗಾ ಹೋಳಿಗೆ ಬಂತು. ಕೋಶಗಳಿಗೂ ಒಂದು ಚೂರು ಇಡಬೇಕಂತೆ ಎಂದು ಕೊಟ್ರೇಶ ನಕ್ಕು ಹೇಳಿದ. ಅವನು ನಕ್ಕದ್ದು ನಾನು ನೋಡಿದ್ದು ಅದೇ ಕಡೆಯ ಸಲ ಇರಬೇಕು. ಮೋತಿಬಿ ಎರಡು ಹೋಳಿಗೆ ತಿಂದು, "ನಾ ಹೇಳಿದ್ನೆಲ್ಲ, ಹಸದಿರಬಾರದು ಅಷ್ಟ, ಏನ್ ಕೊಟ್ರೂ ರೂಢಿ ಆಕ್ಕೈತಿ," ಎಂದಳು. ಆ ಮಾತಿನ ಮೊದಲ ಅರ್ಧವನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸೂತ್ರ ಸಂಸ್ಥೆಗೆ ಹೋಯಿತು. ಅಲ್ಲಿ ಕೋಶಗಳು ಸತ್ತವು.

ಹಿಂಡಿ ಬೇರೆ ಇರಬಹುದೆಂದು ನಮ್ಮ ಹಿಂಡಿಯನ್ನೇ ಕಳಿಸಿದೆವು. ಸತ್ತವು. ಕೊನೆಗೆ ಕೊಟ್ರೇಶ ತಾನೇ ಕಾಯಿಸಿ ಸೋಸಿದ ಸಾರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಿದ. ಅದರಲ್ಲೂ ಸತ್ತವು. ಸಂಸ್ಥೆಯ ಶೀತಲ್ ಮೇಡಂ ಎಂಬ ವಿಜ್ಞಾನಿ ಫೋನಿನಲ್ಲಿ ಬಹಳ ಸೌಜನ್ಯದಿಂದ, "ನಿಮ್ಮಲ್ಲಿ ಇನ್ನೂ ಬದುಕಿದಾವೇನ್ರಿ?" ಎಂದು ಕೇಳಿದರು. ಕೊಟ್ರೇಶ ಹೌದೆಂದ. ಆ ಕಡೆ ಸ್ವಲ್ಪ ಹೊತ್ತು ಮಾತು ಇರಲಿಲ್ಲ. ಆ ಮೌನಕ್ಕೆ ಸುಳ್ಳುಗಾರ ಎಂಬ ಅರ್ಥವಿತ್ತೋ ಇಲ್ಲವೋ, ಇವನಿಗೆ ಕೇಳಿದ್ದು ಅದೇ. ಪರಿಶೀಲನೆಗೆ ತಾನೇ ಬರುತ್ತೇನೆಂದು ಮೇಡಂ ಹೇಳಿದರು.

ಅದೇ ಹೊತ್ತಿಗೆ ಮೋತಿಬಿಯ ಮಗಳು ಆಯೇಶಾ ಲಕ್ಷ್ಮೇಶ್ವರದಲ್ಲಿ ಹಡೆದಳು. ಬಾಣಂತನಕ್ಕೆಂದು ಮೋತಿಬಿ ರಜೆ ಹಾಕಿ ಹೋದಳು. ಬಡಿಸುವ ಕೆಲಸವೂ ಕೊಟ್ರೇಶನ ಕೈಗೆ ಬಂತು. ಇನ್‌ಕ್ಯುಬೇಟರಿನ ಬಾಗಿಲಿಗೆ ಅವನು ಹಗ್ಗ ಕಟ್ಟಿ, ಮುಂದೆ ಒಂದು ಸಿಮೆಂಟ್ ಇಟ್ಟಿಗೆ ಒತ್ತಿಟ್ಟ.

ಮೊದಲ ವಾರ ಹಿಂಡಿಯ ಬಾಟಲಿಗಳ ನೀರು ಗುಲಾಬಿಯಾಗಿಯೇ ಉಳಿಯಿತು. ಕೋಶಗಳು ಉಣ್ಣುತ್ತಿಲ್ಲ ಎಂದರ್ಥ. ಎರಡನೆಯ ವಾರ ಅವು ನೆಲ ಬಿಟ್ಟವು. ಹಾಸುಗಲ್ಲಿನಂತಿದ್ದವು ದುಂಡಗಾಗಿ, ಒಂದೊಂದೇ ಕಿತ್ತು ನೀರಿನಲ್ಲಿ ತೇಲಿದವು. ಸೀರಂ ಸಾಲು ಅದೇ ಕಪಾಟಿನಲ್ಲಿ, ಅದೇ ಹಗ್ಗದ ಹಿಂದೆ, ಆರಾಮಾಗಿ ಹಳದಿಯಾಗುತ್ತಿತ್ತು. ಕೊಟ್ರೇಶ ಸಾರು ಮತ್ತೆ ಕಾಯಿಸಿದ. ಪಪ್ಪಾಯಿ ಬದಲಿಸಿದ. ತನ್ನ ಕೈ ಮೂಸಿ ನೋಡಿಕೊಂಡ. ಒಂದು ಮಧ್ಯಾಹ್ನ ನಾನು ಹೋದಾಗ ಅವನು ಒಲೆಯ ಮುಂದೆ ಸುಮ್ಮನೆ ಕೂತಿದ್ದ, ಒಲೆ ಹಚ್ಚಿರಲಿಲ್ಲ.

"ಆಕಿ ಕೈಯಾಗ ಏನೋ ಐತ್ರಿ ಸರ," ಎಂದ. "ನನ್ನ ಕೈಯಾಗ ಇಲ್ಲ."

ಮೋತಿಬಿ ಮೊಮ್ಮಗನ ಹೆಸರಿಡುವ ದಿನ ಮುಗಿಸಿ, ಪೇಢೆ ತೆಗೆದುಕೊಂಡು ಬಂದಳು. ಬಾಟಲಿಗಳನ್ನು ನೋಡಿ ಪೇಢೆಯ ಡಬ್ಬಿಯನ್ನು ಅಲ್ಲೇ ಕೆಳಗಿಟ್ಟಳು.

"ಅಯ್ಯ, ಏನ್ ಮಾಡಿಟ್ಟೀರಿ ಇವನ್ನ. ಹೊಟ್ಟಿ ಬೆನ್ನಿಗೆ ಹತ್ಯಾವ."

ಗ್ಲೌಸ್ ಹಾಕಿಕೊಂಡಳು. ಇನ್ನೂ ತುಸು ಜೀವ ಹಿಡಿದಿದ್ದ ಎರಡು ಬಾಟಲಿ ಆರಿಸಿಕೊಂಡಳು. ಶೇಂಗಾ ಸಾರು ಹಾಕಿದಳು. ಆಮೇಲೆ ಕೊಟ್ರೇಶನೂ ನಾನೂ ಎದುರಿಗೇ ನಿಂತಿರುವಾಗ, ಯಾವ ಮುಚ್ಚುಮರೆಯೂ ಇಲ್ಲದೆ, ಹೋಲಿಕೆಯ ಸಾಲಿನ ಸೀರಂ ಬಾಟಲಿ ತೆಗೆದು, ಅದರಿಂದ ನಳಿಕೆಯಲ್ಲಿ ತುಸುವೇ ಎಳೆದು, ಎರಡಕ್ಕೂ ಒಂದೊಂದು ಗುಟುಕು ಬಿಟ್ಟಳು.

ಕೊಟ್ರೇಶ ಬಹಳ ಮೆಲ್ಲಗೆ ಕೇಳಿದ: "ಏನದು?"

"ಸೀರಂ."

"ಇವಕ್ಕ ಹಾಕಬಾರದಲ್ರಿ ಅಕ್ಕಾರ."

"ದಿನಾ ಎಲ್ಲಿ ಹಾಕ್ತೀನಿ? ಭಾಳ ಅತ್ತಾಗಷ್ಟ."

"ಅತ್ತಾಗ."

"ನೀರು ಗುಲಾಬಿನ ಉಳಿತಂದ್ರ ಅಳಾಕತ್ಯಾವಂತ ತಿಳ್ಕೋಬೇಕು. ಅಣ್ಣನ ತಾಟಿನಾಗಿಂದ ತಮ್ಮಗ ಒಂದು ತುತ್ತು. ಅಷ್ಟಕ್ಕ ಸುಮ್ಮನಾಗ್ತಾವ. ಐದು ಮಕ್ಕಳಿಗೆ ಹಾಲು ಬಿಡಿಸೀನಿ ತಮ್ಮಾ, ಬಿಡಸೂ ಮುಂದ ಯಾವ ತಾಯಿನೂ ಒಮ್ಮೆಲೇ ಬಿಡಸಂಗಿಲ್ಲ. ಕೂಸು ರಾತ್ರಿ ಚೀರಿದ್ರ ಎದಿಗೆ ಹಾಕ್ಕೋತಾಳ, ಬೆಳಿಗ್ಗೆ ಎದ್ದು ಬಿಡಿಸೀನಿ ಅಂತಾಳ. ನೀವ ಹೇಳಿದ್ರೆಲ್ಲ, ಹಂಗ ಬಿಡಸ್ರಿ ಅಂತ."

ಅವನು ಹೇಳಿದ್ದ. ನಾನು ಬೆನ್ನು ತಟ್ಟಿದ್ದೆ.

ಆ ಒಂದೊಂದು ತುತ್ತಿನ ಮೇಲೆ ವರ್ಷವೆಲ್ಲ ನಿಂತಿತ್ತು. ರಕ್ತ ಬಿಟ್ಟ ಕೋಶಗಳು ಒಂದು ದಿನವೂ ಇರಲಿಲ್ಲ. ಸೂತ್ರ ಸರಿಯಾಗಿತ್ತೇ, ಇನ್ನಷ್ಟು ತಿದ್ದಿದ್ದರೆ ಸರಿಯಾಗುತ್ತಿತ್ತೇ ಎಂಬುದೂ ಈಗ ತಿಳಿಯುವಂತಿರಲಿಲ್ಲ. ಯಾವ ಬಾಟಲಿ ಯಾವಾಗ ಸೋತಿತೆಂಬುದೇ ನಮಗೆ ಕಂಡಿರಲಿಲ್ಲ. ಸೋಲುವ ಮೊದಲೇ ಅವಕ್ಕೆ ಊಟ ಸಿಕ್ಕಿತ್ತು. ಮೋತಿಬಿ ನಮ್ಮಿಬ್ಬರ ಮುಖ ನೋಡಿ, ಏನೋ ತಪ್ಪಿದೆ ಎಂದು ಗೊತ್ತಾಗಿ, ಆದರೆ ಏನೆಂದು ಗೊತ್ತಾಗದೆ, "ಹಸದಿದ್ವು," ಎಂದು ಇನ್ನೊಮ್ಮೆ ಹೇಳಿದಳು. ಆಮೇಲೆ ಬಾಟಲಿಗಳನ್ನು ಒಳಗಿಟ್ಟು, ಹಗ್ಗ ಬಿಚ್ಚಿ ಎಸೆದು, ಮೊಣಕಾಲಿನಿಂದ ಬಾಗಿಲು ಹಾಕಿದಳು.

ಅವತ್ತು ಸಂಜೆ ಶಿಗ್ಲಿಯಲ್ಲಿ ನಡೆದದ್ದನ್ನು ಕೊಟ್ರೇಶ ಎಷ್ಟೋ ದಿನಗಳ ಮೇಲೆ ಹೇಳಿದ. ಮನೆಗೆ ಹೋದವನು ಗಂಗಾಳ ತೊಳೆದು ತಾನೇ ಹಲಗೆಯ ಮೇಲೆ ಬೋರಲು ಹಾಕಿದ. ಸ್ಟೀಲಿನ ತಾಟು ಎಲ್ಲಿದೆ ಎಂದು ಹುಡುಕಿದ. ಅದರಲ್ಲಿ ಸಿದ್ದಲಿಂಗವ್ವ ಗುಬ್ಬಿಗಳಿಗೆ ನುಚ್ಚು ಹಾಕಿ ಹಿತ್ತಲಲ್ಲಿಟ್ಟಿದ್ದಳು. ನುಚ್ಚು ಕೊಡವಿ, ತೊಳೆದು, ಕಟ್ಟೆಯ ಮೇಲಿಟ್ಟುಕೊಂಡು ಕೂತ. ತಾಯಿ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ರೊಟ್ಟಿ ಮೇಲಿನಿಂದ ಬಿತ್ತು.

ಪರಿಶೀಲನೆಯ ದಿನ ನಾನೂ ಇದ್ದೆ, ಇಂಗ್ಲಿಷಿಗೆಂದು. ಬೇಕಾಗಲಿಲ್ಲ. ಶೀತಲ್ ಮೇಡಂ ನಮ್ಮ ಕಡೆಯವರೇ. ಅವರು ಬಾಟಲಿಗಳನ್ನು ನೋಡಿದರು, ಒಲೆ ನೋಡಿದರು, ಹಿಂಡಿಯ ಚೀಲ ಮೂಸಿದರು. ಮೋತಿಬಿ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಅಷ್ಟರಲ್ಲಿ ಯಾರೋ ಅವಳಿಗೆ ತಿಳಿಸಿ ಹೇಳಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಇಲ್ಲಿ ಬದುಕಿದ್ದು, ನಮ್ಮಲ್ಲಿ ಯಾಕ ಬದುಕಲಿಲ್ಲ?" ಎಂದರು ಮೇಡಂ. "ನಿಮಗ ಗೊತ್ತಿದ್ರ ಹೇಳಿಬಿಡ್ರಿ. ಗೊತ್ತಿಲ್ಲಾಂದ್ರ ಅದನ್ನರ ಹೇಳ್ರಿ."

ಉಳವಪ್ಪನವರು ನೆಲ ನೋಡಿದರು.

"ಸೀರಂ ಕೂಡಿತ್ತರಿ," ಎಂದ ಕೊಟ್ರೇಶ. "ಎರಡೂ ಸಾಲು ಒಂದ ಕಡೆ ಇಟ್ಟಿದ್ದೆ. ನಿಗಾ ಮಾಡಲಿಲ್ಲ. ನನ್ನ ತಪ್ಪು."

"ಯಾರು ಹಾಕತಿದ್ರು ಊಟ?"

"ಜವಾಬ್ದಾರಿ ನಂದರಿ."

ಮೇಡಂ ಬಾಗಿಲ ಕಡೆ ಒಮ್ಮೆ ನೋಡಿದರು, ಮತ್ತೆ ಇವನ ಕಡೆ. ಇನ್ನೊಂದು ಪ್ರಶ್ನೆ ಅವರ ಬಾಯಲ್ಲಿತ್ತು. ಅದನ್ನು ಚಹಾದ ಜೊತೆ ಕುಡಿದರು. ಮೋಸ ಎಂದು ಬರೆಯುವುದಿಲ್ಲ, ಅಜಾಗರೂಕತೆ ಎಂದು ಬರೆಯುತ್ತೇನೆ ಎಂದರು. ಎರಡಕ್ಕೂ ಫಲ ಒಂದೇ. ಯೋಜನೆ ಅಲ್ಲಿಗೆ ನಿಂತಿತು. ಕೊಟ್ರೇಶನ ಹೆಸರಿನಲ್ಲಿ ಇನ್ನು ಮುಂದೆ ಅರ್ಜಿ ಹಾಕುವ ಹಾಗಿಲ್ಲ ಎಂದು ಉಳವಪ್ಪನವರಿಗೆ ಬೇರೆಯಾಗಿ ಹೇಳಿ ಹೋದರಂತೆ.

ಹೊನ್ನೇಶ ಆ ಚಳಿಗಾಲದಲ್ಲಿ ಒಮ್ಮೆ ಬಂದ. ಮೆಟ್ಟಿಲ ಮೇಲೆ ಕೂಡಲಿಲ್ಲ. ಉಳಿದ ಕುರಿ ಮಾರಿ, ಮುಂಡರಗಿ ಕಡೆ ಗಾಳಿ ವಿದ್ಯುತ್ತಿನ ದೊಡ್ಡ ಫ್ಯಾನುಗಳಿಗೆ ಕಾವಲುಗಾರನಾಗಿದ್ದ. "ಫ್ಯಾನಿಗೆ ಮೈಲಿ ಬ್ಯಾನಿ ಬರಂಗಿಲ್ರಿ," ಎಂದ. ನಗಲಿಲ್ಲ, ನಗಿಸಲೆಂದು ಹೇಳಿದ್ದೂ ಅಲ್ಲ.

ಶೆಡ್ಡು ಮಾತ್ರ ಮುಚ್ಚಲಿಲ್ಲ. ಉಳವಪ್ಪನವರು ಕೋಶಗಳನ್ನು ಬೆಳೆಸಿ ಬೇರೆಯವರಿಗೆ ಪರೀಕ್ಷೆಗೆಂದು ಕೊಡುವ ಸಣ್ಣ ಕೆಲಸ ಹಿಡಿದರು. ಅದಕ್ಕೆ ಕುರಿಯ ಸೀರಂ ಬೇಕು. ಕೊಟ್ರೇಶ ಮತ್ತೆ ಬೆಳಗಿನ ಬಸ್ಸಿಗೆ ಕ್ಯಾನು ಹಿಡಿದು ಹತ್ತುತ್ತಾನೆ. ಮುಚ್ಚಳಕ್ಕೆ ಈಗ ಟೇಪು ಸುತ್ತುತ್ತಾನೆ. ಹರ್ತಿ ಹತ್ತಿರ ಬಂದಂತೆ ಕಂಡಕ್ಟರ್ ತಾನಾಗಿಯೇ, "ಕ್ಯಾನ್ ಹಿಡೀರಿ, ಸ್ವಾಮೇರ," ಎನ್ನುತ್ತಾನೆ. ಒಲೆಯ ಜಾಗದಲ್ಲಿ ಹಪ್ಪಳದವರು ಹಪ್ಪಳ ಒಣಹಾಕುತ್ತಾರೆ.

ಒಂದು ಪ್ರಶ್ನೆ ನನ್ನೊಳಗೆ ಉಳಿದಿತ್ತು. ಮೋತಿಬಿಯ ಹೆಸರು ಹೇಳಿದ್ದರೆ ಕೊಟ್ರೇಶನ ಹೆಸರು ಉಳಿಯುತ್ತಿತ್ತು. ಬೇರೆ ಕಡೆ ಹೋಗಿ ಸಾರು ಮತ್ತೆ ಕಾಯಿಸಬಹುದಿತ್ತು. ಯಾರಿಗೆ ಗೊತ್ತು, ಗಂಗಾಳ ಇನ್ನೊಮ್ಮೆ ಕೆಳಗಿಳಿಯುತ್ತಿತ್ತೇನೋ. ಅವನು ಬಾಯಿ ಬಿಡಲಿಲ್ಲ. ಅದರ ಬಗ್ಗೆ ನಾನು ಒಂದು ಲೇಖನವನ್ನೇ ಮನಸ್ಸಿನಲ್ಲಿ ಬರೆದಿಟ್ಟಿದ್ದೆ. ತಾಯಿಯ ಕರುಳು, ಹಸಿದವರಿಗೆ ತುತ್ತು, ಆ ತುತ್ತಿಟ್ಟ ಕೈಯ ಮುಂದೆ ವಿಜ್ಞಾನ ತಲೆಬಾಗಿದ್ದು, ಇತ್ಯಾದಿ. ಅವನ ಬಾಯಿಂದ ಒಂದು ವಾಕ್ಯ ಬಂದರೆ ಅದು ಪೂರ್ತಿಯಾಗುತ್ತಿತ್ತು.

ಮೊನ್ನೆ ಮೆಟ್ಟಿಲ ಮೇಲೆ ಕೂತಾಗ ಕೇಳಿಯೇಬಿಟ್ಟೆ. ಒಳಗೆ ಮೋತಿಬಿ ಯಾರನ್ನೋ ಬೈಯುತ್ತಿದ್ದಳು.

"ಅವತ್ತು ಆಕಿ ಹೆಸರು ಯಾಕ ಹೇಳಲಿಲ್ಲೋ, ಕೊಟ್ರೇಶ?"

ಅವನು ಕ್ಯಾನಿನ ಮುಚ್ಚಳದಿಂದ ಹಳೆಯ ಟೇಪು ಕೀಳುತ್ತಿದ್ದ.

"ಆಕೀನ್ನ ಕೆಲಸಾ ಬಿಡಿಸಿಬಿಟ್ರ," ಎಂದ, "ಆ ಇನ್‌ಕ್ಯುಬೇಟರ್ ಬಾಗಲಾ ಯಾರ್ ಹಾಕ್ತಾರ್ರಿ ಸರ?"